ಹಿಂಭಾರದ ಸೈಕಲ್ಲಿಗೆ ಆಸರೆ ಕೋಲು



ಈ ಸಲ ನನ್ನ ಮುಂದೆ ಬಂದಿರುವ ಪ್ರಶ್ನೆ ಅಡುಗೆಯದಲ್ಲ, ಹಬ್ಬದ್ದಲ್ಲ, ಪರೀಕ್ಷೆಯ ಭಯದ್ದೂ ಅಲ್ಲ. ಡೊಂಬಿವಲಿಯ ಹುಡುಗನೊಬ್ಬ ಕೇಳಿದ್ದಾನೆ: "ಆಂಟೀ, ಗುಜರಿಗೆ ಹೋಗಬೇಕಿದ್ದ ಸೈಕಲ್ಲನ್ನು ನಾನೇ ನನಗೆ ಬೇಕಾದಂತೆ ಕಟ್ಟುತ್ತಿದ್ದೇನೆ. ಅದಕ್ಕೆ ವ್ಹೀಲಿ ಬಾರ್ ಮನೆಯಲ್ಲೇ ಮಾಡಿಕೊಳ್ಳಬಹುದೇ? ಅಮ್ಮ ಬೇಡವೇ ಬೇಡ ಅನ್ನುತ್ತಾಳೆ. ನೀವು ಹೇಳಿದರೆ ಒಪ್ಪಿಯಾಳು." ತಾಯಂದಿರ ತೀರ್ಪಿನ ಮೇಲೆ ಅಪೀಲು ಹೋಗಲು ನನ್ನ ಅಂಕಣವನ್ನು ನೀವೆಲ್ಲ ಹೈಕೋರ್ಟು ಮಾಡಿಕೊಂಡಿದ್ದೀರಿ ಎಂದಾಯಿತು! ಇರಲಿ. ಬಿ.ಎ. ಇಂಗ್ಲಿಷ್ ಓದಿದವಳಿಗೆ ಸೈಕಲ್ ರಿಪೇರಿಯ ಉಸಾಬರಿ ಏಕೆ ಎಂದು ನಮ್ಮವರು ನಕ್ಕರು. ಆದರೆ ಓದಿ ತಿಳಿದುಕೊಳ್ಳುತ್ತ ಹೋದಂತೆ ಈ ವಿಷಯ ನನ್ನನ್ನೇ ಹಿಡಿದು ಕೂರಿಸಿತು. ನಿಮಗೂ ಹೇಳುತ್ತೇನೆ.

ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಹಿಂದಿನ ಒಂದೇ ಚಕ್ರದ ಮೇಲೆ ಓಡಿಸುವುದಕ್ಕೆ ವ್ಹೀಲಿ ಎನ್ನುತ್ತಾರೆ. ಇಂಗ್ಲಿಷಿನ ವ್ಹೀಲ್ ಎಂಬ ಪದಕ್ಕೆ ಮುದ್ದಿನ ಬಾಲವೊಂದನ್ನು ಅಂಟಿಸಿ ಮಾಡಿದ ಮಾತು ಇದು. ನಾಯಿಯನ್ನು ಡಾಗಿ ಎಂದು ಕರೆದ ಹಾಗೆ. ಆದರೆ ನಮ್ಮ ಕನ್ನಡ ಪತ್ರಿಕೆಗಳಲ್ಲಿ ದಿನ ಬಿಟ್ಟು ದಿನ ಬರುವ 'ವ್ಹೀಲಿಂಗ್' ಸುದ್ದಿ ಅಷ್ಟೇನೂ ಮುದ್ದಾಗಿಲ್ಲ. ಅದು ಸಾರ್ವಜನಿಕ ರಸ್ತೆಯಲ್ಲಿ, ಮೋಟಾರ್ ಬೈಕಿನಲ್ಲಿ, ಬೇರೆಯವರ ಜೀವವನ್ನೂ ಪಣಕ್ಕಿಟ್ಟು ಮಾಡುವ ಆಟ. 2025ರಲ್ಲಿ ಕರ್ನಾಟಕ ಹೈಕೋರ್ಟು ಇಂಥ ಪ್ರಕರಣವೊಂದರಲ್ಲಿ ಜಾಮೀನು ನಿರಾಕರಿಸಿ, ಇದನ್ನು ಹತ್ತಿಕ್ಕಲು ಕಠಿಣ ಕಾನೂನು ಬೇಕೆಂದು ಹೇಳಿತು. ಆ ಆಟದ ಪರವಾಗಿ ನನ್ನಲ್ಲಿ ಒಂದು ಮಾತೂ ಇಲ್ಲ. ನಾನು ಬರೆಯುತ್ತಿರುವುದು ಪೆಡಲು ತುಳಿಯುವ ಸಣ್ಣ ಸೈಕಲ್ಲಿನ ಬಗ್ಗೆ, ಖಾಲಿ ಮೈದಾನದ ಬಗ್ಗೆ, ಮತ್ತು ಹಿಂದಕ್ಕೆ ಮಗುಚಿ ತಲೆ ಒಡೆದುಕೊಳ್ಳದಂತೆ ತಡೆಯುವ ಒಂದು ಕಬ್ಬಿಣದ ಕೋಲಿನ ಬಗ್ಗೆ.

ನಿಮ್ಮಲ್ಲಿ ಬಹಳ ಮಂದಿ ಎತ್ತಿನ ಗಾಡಿಯನ್ನು ಸಿನಿಮಾದಲ್ಲಷ್ಟೇ ನೋಡಿರಬಹುದು. ಊರಿನಲ್ಲಿ ಗಾಡಿ ತುಂಬುವಾಗ ಹಿರಿಯರು ಮೊದಲು ನೋಡುತ್ತಿದ್ದುದು ಹಿಂಭಾರ, ಮುಂಭಾರ. ಮೂಟೆಗಳು ಹಿಂದೆ ಹೆಚ್ಚಾದರೆ ನೊಗ ಎತ್ತುಗಳ ಕತ್ತಿನಿಂದ ಮೇಲೇಳುತ್ತದೆ. ಇನ್ನೂ ಹೆಚ್ಚಾದರೆ ಗಾಡಿ ಹಿಂದಕ್ಕೆ ಕೂತುಬಿಡುತ್ತದೆ. ವ್ಹೀಲಿ ಎಂದರೆ ಬೇಕೆಂದೇ ಮಾಡಿಕೊಂಡ ಹಿಂಭಾರ. ನಿಮ್ಮ ಮತ್ತು ಸೈಕಲ್ಲಿನ ಒಟ್ಟು ತೂಕವೆಲ್ಲ ಒಂದು ಬಿಂದುವಿನಲ್ಲಿದೆ ಎಂದು ಭಾವಿಸಿಕೊಳ್ಳಿ, ಅದೇ ಗುರುತ್ವಕೇಂದ್ರ. ಅದು ಹಿಂದಿನ ಚಕ್ರದ ನಡುವಿಗಿಂತ ಮುಂದೆ ಇರುವವರೆಗೆ ಎತ್ತಿದ ಚಕ್ರ ತಾನಾಗಿಯೇ ಕೆಳಗೆ ಬರುತ್ತದೆ. ಸರಿಯಾಗಿ ಮೇಲೆ ಬಂದರೆ ಸೈಕಲ್ ತಕ್ಕಡಿಯಂತೆ ನಿಲ್ಲುತ್ತದೆ. ಒಂದು ಗೇಣು ಹಿಂದೆ ಹೋಯಿತೋ, ಹುಡುಗ ಬೆನ್ನ ಮೇಲೆ ಬೀಳುತ್ತಾನೆ. ವ್ಹೀಲಿ ಬಾರ್ ಎಂದರೆ ಹಿಂದಿನ ಚಕ್ರದ ಅಚ್ಚಿನಿಂದ ಹಿಂದಕ್ಕೆ ಚಾಚಿದ ಕೋಲು. ಅದರ ತುದಿಯಲ್ಲಿ ಒಂದೆರಡು ಪುಟ್ಟ ಗಾಲಿಗಳು. ಸೈಕಲ್ ಮಿತಿಗಿಂತ ಹೆಚ್ಚು ಎದ್ದರೆ ಆ ಗಾಲಿ ನೆಲ ಮುಟ್ಟಿ, "ಇನ್ನು ಸಾಕು" ಎನ್ನುತ್ತದೆ.

ಈ ಆಟದ ತವರು ಅಮೆರಿಕ. 1960ರ ದಶಕದ ಆರಂಭದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು 20 ಅಂಗುಲದ ಚಕ್ರದ ಚಿಕ್ಕ ಸೈಕಲ್ಲುಗಳಿಗೆ ಎತ್ತರದ ಹ್ಯಾಂಡಲ್ಲನ್ನೂ ಬಾಳೆಹಣ್ಣಿನಂತೆ ಉದ್ದವಾದ ಸೀಟನ್ನೂ ತಾವೇ ಜೋಡಿಸಿಕೊಳ್ಳತೊಡಗಿದರು. ಕಂಪನಿ ಮಾಡಿಕೊಟ್ಟದ್ದಲ್ಲ, ಹುಡುಗರು ಅಂಗಳದಲ್ಲಿ ಮಾಡಿಕೊಂಡದ್ದು! ಷಿಕಾಗೋದ ಶ್ವಿನ್ ಕಂಪನಿಯ ಆಲ್ ಫ್ರಿಟ್ಜ್ ಎಂಬವರ ಕಿವಿಗೆ ಈ ಸುದ್ದಿ ಬಿತ್ತು. 1963ರಲ್ಲಿ ಆ ಕಂಪನಿ ಸ್ಟಿಂಗ್ ರೇ ಎಂಬ ಸೈಕಲ್ಲನ್ನು ಮಾರುಕಟ್ಟೆಗೆ ಬಿಟ್ಟಿತು. ಚಕ್ರ ಚಿಕ್ಕದು, ಸೈಕಲ್ಲಿನ ಉದ್ದ ಕಡಿಮೆ, ಸೀಟು ಹಿಂದಿನ ಚಕ್ರದ ಮೇಲಿನವರೆಗೂ ಚಾಚಿದೆ. ಸವಾರ ಸ್ವಲ್ಪ ಹಿಂದೆ ಸರಿದು ಹ್ಯಾಂಡಲ್ ಜಗ್ಗಿದರೆ ಮುಂಭಾಗ ಹೂವಿನಂತೆ ಏಳುತ್ತಿತ್ತು. ವ್ಹೀಲಿ ಮನೆಮಾತಾದದ್ದು ಹೀಗೆ.

ಅದೇ ಕಾಲದಲ್ಲಿ ಅಲ್ಲಿ ಡ್ರ್ಯಾಗ್ ರೇಸ್ ಎಂಬ ಕಾರು ಪಂದ್ಯದ ಹುಚ್ಚು. ಕಾಲು ಮೈಲಿ, ಅಂದರೆ ಸುಮಾರು 402 ಮೀಟರನ್ನು ಯಾರು ಮೊದಲು ಮುಟ್ಟುತ್ತಾರೆ ಎಂಬ ಪೈಪೋಟಿ. ದಶಕದ ಮಧ್ಯದಲ್ಲಿ ಲಿಟಲ್ ರೆಡ್ ವ್ಯಾಗನ್ ಎಂಬ ಡಾಡ್ಜ್ ಪಿಕಪ್ ಗಾಡಿಯ ಎಂಜಿನ್ನನ್ನು ಚಾಲಕನ ಬೆನ್ನ ಹಿಂದಕ್ಕೆ ಸರಿಸಿ ಓಡಿಸಿದಾಗ, ವೇಗ ಕೊಟ್ಟೊಡನೆ ಗಾಡಿ ಹಿಂದಿನ ಎರಡೇ ಚಕ್ರಗಳ ಮೇಲೆ ನಿಂತುಬಿಟ್ಟಿತು. ನಮ್ಮ ಹಿಂಭಾರದ ಗಾಡಿಯೇ! ಜೋರಿನ ಕಾರುಗಳು ಹೀಗೆ ಮಗುಚದಿರಲೆಂದು ಹಿಂದೆ ಉದ್ದನೆಯ ಸರಳಿಗೆ ಪುಟ್ಟ ಗಾಲಿ ಜೋಡಿಸುವುದು ರೂಢಿಯಾಯಿತು. ದೊಡ್ಡವರ ಕಾರಿನಲ್ಲಿ ಕಂಡದ್ದನ್ನು ಚಿಕ್ಕವರು ಸೈಕಲ್ಲಿಗೆ ತಂದರು. ಫ್ರಿಸ್ಬಿ ತಟ್ಟೆ ಮತ್ತು ಹುಲಾ ಹೂಪ್ ಬಳೆಯನ್ನು ಜಗತ್ತಿಗೆ ಮಾರಿದ ವ್ಯಾಮ್-ಓ ಕಂಪನಿಯೇ 1960ರ ದಶಕದಲ್ಲಿ ಸೈಕಲ್ಲಿನ ವ್ಹೀಲಿ ಬಾರನ್ನೂ ಮಾರಿತು. ಕೊಳ್ಳಲಾಗದವರು ಮುರಿದ ಸ್ಕೇಟಿಂಗ್ ಗಾಲಿ, ಹಳೆ ಪೈಪು ಹುಡುಕಿ ತಾವೇ ಮಾಡಿಕೊಂಡರು.

ಬ್ರಿಟನ್ನಿನಲ್ಲಿ ರ್‍ಯಾಲಿ ಕಂಪನಿಯ ಚಾಪರ್ ಎಂಬ ಸೈಕಲ್ 1970ರಲ್ಲಿ ಬಂತು. ಹಿಂದೆ 20 ಅಂಗುಲದ ಚಕ್ರ, ಮುಂದೆ 16 ಅಂಗುಲದ್ದು. ಅದೂ ಬೇಕಾದಾಗ ಮಾತ್ರವಲ್ಲ, ಬೇಡವಾದಾಗಲೂ ಮುಂಭಾಗ ಎತ್ತುತ್ತಿತ್ತು. 1972ರ ಎರಡನೆಯ ಮಾದರಿಯಲ್ಲಿ ಕಂಪನಿ ಸೀಟನ್ನು ಮುಂದಕ್ಕೆ ಸರಿಸಿತು. ಅಮೆರಿಕದ ಗ್ರಾಹಕ ಸುರಕ್ಷತಾ ನಿಯಮಗಳಂತೂ ಹ್ಯಾಂಡಲ್ಲಿನ ತುದಿ ಸೀಟಿಗಿಂತ 16 ಅಂಗುಲಕ್ಕಿಂತ ಮೇಲೆ ಇರಬಾರದೆಂದು ವಿಧಿಸಿವೆ. ಸೈಕಲ್ಲನ್ನು ನಿಮ್ಮ ಇಷ್ಟದಂತೆ ಮಾರ್ಪಡಿಸುವಾಗ ಇದನ್ನು ನೆನಪಿಡಿ. ಸೀಟನ್ನು ನಾಲ್ಕು ಬೆರಳು ಹಿಂದೆ ಸರಿಸಿದರೂ ನೀವು ಬದಲಿಸುತ್ತಿರುವುದು ಅಂದವನ್ನಲ್ಲ, ತೂಕದ ಜಾಗವನ್ನು.

ಈಗ ಲೆಕ್ಕಕ್ಕೆ ಬರೋಣ. ಹೆದರಬೇಡಿ, ನನಗೆ ಅರ್ಥವಾಗಿದ್ದು ನಿಮಗೆ ಆಗದಿರುವುದಿಲ್ಲ. ರವಿಕೆ ಹೊಲಿಯುವ ಮುಂಚೆ ಕಾಗದದಲ್ಲಿ ಕತ್ತರಿಸಿ ನೋಡುತ್ತೇವಲ್ಲ, ಹಾಗೆಯೇ ಪೈಪು ಕೊಯ್ಯುವ ಮುಂಚೆ ರಟ್ಟಿನಲ್ಲಿ ಸೈಕಲ್ ಮಾಡಿ. ಹತ್ತು ಸೆಂಟಿಮೀಟರಿಗೆ ಒಂದು ಸೆಂಟಿಮೀಟರ್ ಅಳತೆ ಇಟ್ಟುಕೊಳ್ಳಿ. 20 ಅಂಗುಲದ ಚಕ್ರದ ಅಚ್ಚು ನೆಲದಿಂದ ಸುಮಾರು 25 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಹಾಳೆಯ ಮೇಲೆ ನೆಲದ ಗೆರೆ ಎಳೆದು, ಎರಡೂವರೆ ಸೆಂಟಿಮೀಟರ್ ಮೇಲೆ ರಟ್ಟಿನ ಸೈಕಲ್ಲಿನ ಹಿಂದಿನ ಅಚ್ಚಿಗೆ ಗುಂಡುಪಿನ್ನು ಚುಚ್ಚಿ. ಕೋಲಿನ ತುದಿಯ ಗಾಲಿಯ ತಳವನ್ನು ಗುರುತಿಸಿ, ಅದು ಗೆರೆ ಮುಟ್ಟುವವರೆಗೆ ರಟ್ಟನ್ನು ತಿರುಗಿಸಿ, ಕೋನಮಾಪಕದಿಂದ ಅಳೆಯಿರಿ.

ಕೋಲು ಅಚ್ಚಿನಿಂದ 45 ಸೆಂಟಿಮೀಟರ್ ಹಿಂದಕ್ಕಿದ್ದು, ಪುಟ್ಟ ಗಾಲಿ ನೆಲದಿಂದ 5 ಸೆಂಟಿಮೀಟರ್ ಮೇಲಿದ್ದರೆ ಸೈಕಲ್ ಆರೂವರೆ ಡಿಗ್ರಿ ಎದ್ದಾಗ ಅದು ನೆಲ ಮುಟ್ಟುತ್ತದೆ. ಎರಡು ಅಚ್ಚುಗಳ ನಡುವೆ ಒಂದು ಮೀಟರ್ ಇದೆ ಎಂದಿಟ್ಟುಕೊಂಡರೆ ಮುಂದಿನ ಚಕ್ರ ಏಳುವುದು 11 ಸೆಂಟಿಮೀಟರ್ ಅಷ್ಟೇ. ಗಾಲಿ 10 ಸೆಂಟಿಮೀಟರ್ ಮೇಲಿದ್ದರೆ 13 ಡಿಗ್ರಿ, ಮುಂದಿನ ಚಕ್ರ 23 ಸೆಂಟಿಮೀಟರ್. ಗಾಲಿ 20 ಸೆಂಟಿಮೀಟರ್ ಮೇಲಿದ್ದರೆ 27 ಡಿಗ್ರಿ, ಮುಂದಿನ ಚಕ್ರ 46 ಸೆಂಟಿಮೀಟರ್! ಇನ್ನೊಂದು ವಿಷಯ: ಗಾಲಿಯ ಎತ್ತರ 10 ಸೆಂಟಿಮೀಟರೇ ಇದ್ದು, ಕೋಲನ್ನು ಮಾತ್ರ 30 ಸೆಂಟಿಮೀಟರಿಗೆ ಮೊಟಕು ಮಾಡಿದರೆ 13 ಡಿಗ್ರಿ ಇದ್ದದ್ದು ಸುಮಾರು 22 ಆಗುತ್ತದೆ. ಮೋಟು ಕೋಲು ನೋಡಲು ಚೆಂದ, ಆದರೆ ತಡವಾಗಿ ಎಚ್ಚರಿಸುತ್ತದೆ.

ಎಷ್ಟು ಡಿಗ್ರಿಗೆ ಸೈಕಲ್ ಮಗುಚುತ್ತದೆ? ಗುರುತ್ವಕೇಂದ್ರ ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿ, ಹಿಂದಿನ ಅಚ್ಚಿಗಿಂತ 30 ಸೆಂಟಿಮೀಟರ್ ಮುಂದೆ ಇದೆ ಎಂದುಕೊಳ್ಳಿ. ಆಗ ಸುಮಾರು 25 ಡಿಗ್ರಿಗೆ ಅದು ಅಚ್ಚಿನ ನೇರ ಮೇಲೆ ಬರುತ್ತದೆ. ಸವಾರನ ಎತ್ತರ, ಕೂತ ಜಾಗ ಬದಲಾದಂತೆ ಈ ಅಂಕಿಯೂ ಬದಲಾಗುತ್ತದೆ. ಆದರೂ ದಾರಿ ತಿಳಿಯಿತಲ್ಲ: ಮೊದಲು 5 ಸೆಂಟಿಮೀಟರಿನಿಂದ ಆರಂಭಿಸಿ, ಕೈ ಪಳಗಿದ ಮೇಲೆ 10ಕ್ಕೆ ಏರಿಸಿ. ಸೈಕಲ್ ತಾನಾಗಿಯೇ ಕೆಳಗಿಳಿಯುವ ಹಂತದಲ್ಲಿ ಸಾಕಷ್ಟು ದಿನ ಕಳೆಯದೆ ಮುಂದೆ ಹೋಗಬೇಡಿ.

ಇನ್ನು ಮಾಡುವ ಬಗೆ. ಸುಮಾರು 25 ಮಿಲಿಮೀಟರ್ ದಪ್ಪದ, 2 ಮಿಲಿಮೀಟರ್ ಗೋಡೆಯ ಎಂ.ಎಸ್. ಪೈಪು ಕೊಳ್ಳಿ. ಮನೆಯಲ್ಲಿ ಬಿದ್ದಿರುವ ನೀರಿನ ಜಿ.ಐ. ಪೈಪು ಬೇಡ, ಅದರ ಸತುವಿನ ಲೇಪ ವೆಲ್ಡಿಂಗ್ ಶಾಖಕ್ಕೆ ವಿಷದ ಹೊಗೆಯಾಗುತ್ತದೆ, ಉಸಿರಾಡಿದವರಿಗೆ ಜ್ವರ ಬರುತ್ತದೆ. ಅಚ್ಚಿನ ಎರಡು ಕಡೆಗೂ ಒಂದೊಂದು ಪೈಪು. ತುದಿಯನ್ನು ವೈಸಿನಲ್ಲಿ ಒತ್ತಿ ಚಪ್ಪಟೆ ಮಾಡಿ, ಅಚ್ಚಿನ ದಪ್ಪ ಅಳೆದು ಅಷ್ಟಕ್ಕೇ ತೂತು ಕೊರೆಸಿ. ತೂತು ಅಂಚಿಗೆ ತೀರ ಹತ್ತಿರ ಬಂದರೆ ಪೈಪು ಸೀಳುವುದು ಅಲ್ಲಿಂದಲೇ. ನಮ್ಮ ಸೈಕಲ್ಲುಗಳಲ್ಲಿ ಸ್ಟ್ಯಾಂಡು, ಕ್ಯಾರಿಯರು, ಮಡ್‌ಗಾರ್ಡಿನ ಕಡ್ಡಿ ಎಲ್ಲವೂ ಅದೇ ಅಚ್ಚಿಗೆ ಜೋತುಬಿದ್ದಿರುತ್ತವೆ. ಪೈಪು, ವಾಷರ್ ಎಲ್ಲ ಸೇರಿಸಿ ನಟ್ಟು ಬಿಗಿದ ಮೇಲೂ ಎರಡು ಮೂರು ಸುತ್ತು ಮರೆ ಹೊರಗೆ ಕಾಣಬೇಕು. ಕಾಣದಿದ್ದರೆ ಉದ್ದನೆಯ ಅಚ್ಚು ಹಾಕಿಸಿ. ಅರ್ಧ ಕಚ್ಚಿದ ನಟ್ಟನ್ನು ನಂಬಬೇಡಿ.

ಹೊಸಬರು ಎಡವುವ ಜಾಗ ಇದು: ಕೋಲನ್ನು ಅಚ್ಚಿಗೆ ಮಾತ್ರ ಬಿಗಿದರೆ, ಭಾರ ಬಿದ್ದಾಗ ಅದು ಗಡಿಯಾರದ ಮುಳ್ಳಿನಂತೆ ಮೇಲಕ್ಕೆ ತಿರುಗಿಬಿಡುತ್ತದೆ. ನಟ್ಟು ಎಷ್ಟು ಬಿಗಿಯಾಗಿದ್ದರೂ ಸಾಲದು. ಆದ್ದರಿಂದ ಕೋಲಿನ ಹಿಂತುದಿಯ ಹತ್ತಿರದಿಂದ ಸೀಟಿನ ಕಂಬದವರೆಗೆ ಇನ್ನೊಂದು ಪೈಪು ಕೊಡಬೇಕು. ಹೆಂಚಿನ ಮನೆಯ ಮಾಡನ್ನು ನೋಡಿ. ಚೌಕ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಈ ಮೇಲಿನ ಪೈಪಿನಲ್ಲಿ ಸಾಲಾಗಿ ನಾಲ್ಕೈದು ತೂತು ಮಾಡಿಸಿದರೆ ಗಾಲಿಯ ಎತ್ತರವನ್ನು ಬೇಕಾದಂತೆ ಬದಲಿಸಬಹುದು. ಸೀಟಿನ ಕಂಬಕ್ಕೆ ಕ್ಲ್ಯಾಂಪು ಹಾಕಿ. ಕ್ಯಾರಿಯರಿಗೆ ಕಟ್ಟಬೇಡಿ, ಅದು ಟಿಫಿನ್ ಡಬ್ಬಿ ಹೊರಲು ಹುಟ್ಟಿದ್ದು. ಸೈಕಲ್ಲಿನ ಫ್ರೇಮಿಗೆ ನೇರವಾಗಿ ವೆಲ್ಡಿಂಗ್ ಮಾಡಿಸಲೇಬೇಡಿ, ಆ ತೆಳು ಕೊಳವೆ ಶಾಖಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ. ತುದಿಗೆ ಸ್ಕೇಟಿಂಗ್ ಗಾಲಿಯಂಥ ಗಟ್ಟಿ, ನೇರ ಉರುಳುವ ಗಾಲಿ ಇರಲಿ. ಸೂಟ್‌ಕೇಸಿನಲ್ಲೋ ಆಫೀಸು ಕುರ್ಚಿಯಲ್ಲೋ ಇರುವ ಸುತ್ತ ತಿರುಗುವ ಗಾಲಿ ಓಟದಲ್ಲಿ ಗಡಗಡ ನಡುಗಿ ಸೈಕಲ್ಲನ್ನು ಅಡ್ಡ ಎಳೆಯುತ್ತದೆ. ವೆಲ್ಡಿಂಗನ್ನು ಕೆಲಸ ಬಲ್ಲವರ ಕೈಯಲ್ಲೇ ಮಾಡಿಸಿ. ಅಳತೆ, ಕೊಯ್ತ, ಜೋಡಣೆ ನಿಮ್ಮದಾಗಿರಲಿ.

ಬಣ್ಣ ಬಳಿಯುವುದು ಪರೀಕ್ಷೆಯ ನಂತರ. ಬಿರುಕು ಬಿಟ್ಟರೆ ಬಣ್ಣದಡಿ ಕಾಣುವುದಿಲ್ಲ. ಇಬ್ಬರು ದೊಡ್ಡವರು ಮುಂದಿನ ಚಕ್ರವನ್ನು ಎತ್ತಿ, ಗಾಲಿ ನೆಲ ಮುಟ್ಟಿಸಿ ಹಿಡಿದುಕೊಳ್ಳಲಿ. ಸೀಟಿನ ಹಿಂಬದಿಯಲ್ಲಿ ನಿಮ್ಮ ತೂಕದ ಒಂದೂವರೆ ಪಟ್ಟು ಭಾರವನ್ನು ಮೆಲ್ಲಗೆ ಹೇರಿ. 40 ಕಿಲೋ ಹುಡುಗನಿಗೆ 60 ಕಿಲೋ. ಮನೆಯ ಅಕ್ಕಿ ಚೀಲಗಳು ಇದಕ್ಕೆ ಒಳ್ಳೆಯ ಬಾಟು. ಪೈಪು ಬಾಗಿತೇ, ಕ್ಲ್ಯಾಂಪು ಜಾರಿತೇ, ತೂತು ಅಗಲವಾಯಿತೇ ನೋಡಿ. ಅಕ್ಕಿ ಬಿದ್ದರೆ ಆರಿಸಿಕೊಳ್ಳಬಹುದು!

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಕೋಲು ಇದೆಯಲ್ಲ, ಇನ್ನೇನು ಭಯ ಎಂದು ಅದರ ಮೇಲೆಯೇ ಒರಗಿ ಕೂರುವವರುಂಟು. ಗಾಲಿ 20 ಸೆಂಟಿಮೀಟರ್ ಎತ್ತರದಲ್ಲಿದ್ದ ನಮ್ಮ ಉದಾಹರಣೆಯನ್ನೇ ತೆಗೆದುಕೊಳ್ಳಿ. 27 ಡಿಗ್ರಿಗೆ ಗಾಲಿ ನೆಲ ಮುಟ್ಟಿದಾಗ ಒಟ್ಟು ತೂಕದ ನೂರರಲ್ಲಿ ಎಂಟು ಪಾಲು ಮಾತ್ರ ಕೋಲಿನ ಮೇಲಿರುತ್ತದೆ, ಮಿಕ್ಕದ್ದೆಲ್ಲ ಹಿಂದಿನ ಟೈರಿನ ಮೇಲೆ. ಆಗ ಸವಾರ ಹಿಂದಕ್ಕೆ ಒರಗಿ, ಗುರುತ್ವಕೇಂದ್ರ ಇನ್ನೊಂದು 15 ಸೆಂಟಿಮೀಟರ್ ಹಿಂದೆ ಸರಿದರೆ ಹೆಚ್ಚುಕಡಿಮೆ ಅರ್ಧ ತೂಕ ಕೋಲಿಗೆ ಹೋಗುತ್ತದೆ. ಅಷ್ಟರಮಟ್ಟಿಗೆ ಟೈರು ನೆಲದ ಹಿಡಿತ ಕಳೆದುಕೊಳ್ಳುತ್ತದೆ. ಮುಂದಿನ ಬ್ರೇಕು ಆಗಲೇ ಗಾಳಿಯಲ್ಲಿದೆ. ಸೈಕಲ್ಲನ್ನು ಕೆಳಗಿಳಿಸಬಲ್ಲದ್ದು ಹಿಂದಿನ ಬ್ರೇಕು ಒಂದೇ. ಹಿಂದಿನ ಟೈರು ಹಗುರವಾದರೆ ಅದೂ ಸೋಲುತ್ತದೆ. ಡ್ರ್ಯಾಗ್ ರೇಸಿನವರಿಗೂ ಇದು ಗೊತ್ತು: ಕೋಲು ಹೆಚ್ಚು ಭಾರ ಹೊತ್ತರೆ ಟೈರು ನೆಲವನ್ನು ತಳ್ಳಲಾರದು, ಕಾರು ಮುಂದೆ ಹೋಗದು. ಇನ್ನೂ ಹಿಂದೆ ಒರಗಿದರಂತೂ ಕೋಲನ್ನೇ ದಾಟಿ ಮಗುಚಬಹುದು.

ಆದ್ದರಿಂದ ಕೋಲು ಇರುವುದು ಒರಗುವುದಕ್ಕಲ್ಲ, ತಟ್ಟಿ ಎಚ್ಚರಿಸುವುದಕ್ಕೆ. ಗಾಲಿ ನೆಲ ಮುಟ್ಟಿದ ಸದ್ದು ಕೇಳಿದೊಡನೆ ಮೈಯನ್ನು ಮುಂದಕ್ಕೆ ತಂದು, ಹಿಂದಿನ ಬ್ರೇಕನ್ನು ಮೆತ್ತಗೆ ಒತ್ತಿ ಕೆಳಗಿಳಿಯಬೇಕು. ಇಂದು ಹತ್ತು ಸಲ ಸದ್ದಾಯಿತು, ನಾಳೆ ಏಳು, ಮುಂದಿನ ವಾರ ಎರಡು ಎಂದು ಲೆಕ್ಕ ಇಡಿ. ಸದ್ದೇ ಇಲ್ಲದೆ ಸವಾರಿ ಮುಗಿದ ದಿನ ನೀವು ಕಲಿತಿರಿ ಎಂದು ಅರ್ಥ. ಹೆಲ್ಮೆಟ್, ಗಟ್ಟಿ ಶೂಗಳು, ಸಮತಟ್ಟಾದ ಖಾಲಿ ಮೈದಾನ ಇವು ಮೂರೂ ಇರಲೇಬೇಕು. ಚಪ್ಪಲಿ ಹಾಕಿಕೊಂಡು ಬೇಡ, ಹಿಂದೆ ಗೆಳೆಯನನ್ನು ಕೂರಿಸಿಕೊಂಡು ಬೇಡ, ರಸ್ತೆಯಲ್ಲಂತೂ ಬೇಡವೇ ಬೇಡ. ರಸ್ತೆಯ ಉಬ್ಬುಗಳಿಗೆ ತಗ್ಗಿನ ಕೋಲು ಸಿಕ್ಕಿಕೊಳ್ಳುತ್ತದೆ, ಅದಕ್ಕಾಗಿ ಮೈದಾನದವರೆಗೆ ಸೈಕಲ್ಲನ್ನು ತಳ್ಳಿಕೊಂಡೇ ಹೋಗಿ. ಪ್ರತಿ ಸಲ ಹತ್ತುವ ಮುಂಚೆ ನಟ್ಟುಗಳನ್ನು ಒಮ್ಮೆ ಬಿಗಿ ನೋಡಿ.

ಅಮ್ಮಂದಿರೂ ಇದನ್ನು ಓದುತ್ತೀರೆಂದು ಬಲ್ಲೆ. ನಿಮಗೊಂದು ಮಾತು. ಹದಿನಾಲ್ಕರ ಹುಡುಗನಿಗೋ ಹುಡುಗಿಗೋ ಮುಂದಿನ ಚಕ್ರ ಎತ್ತಿ ನೋಡುವ ಆಸೆ ಬಂದರೆ, ಬೇಡ ಎಂದಾಕ್ಷಣ ಅದು ಹೋಗುವುದಿಲ್ಲ. ನಮ್ಮ ಕಣ್ಣಿಗೆ ಬೀಳದ ಕಡೆಗೆ ಹೋಗುತ್ತದೆ. ಅಳತೆ ಪಟ್ಟಿ ಹಿಡಿದು, ರಟ್ಟು ಕತ್ತರಿಸಿ, ಅಕ್ಕಿ ಮೂಟೆ ಹೇರಿ ಪರೀಕ್ಷೆ ಮಾಡಿದ ಮಗುವಿಗೆ ತಾನು ಎಲ್ಲಿ ಬೀಳುತ್ತೇನೆ ಎಂಬುದು ಗೊತ್ತಿರುತ್ತದೆ. ಬೇರೆಯವರು ಎಳೆದ ಗೆರೆಯನ್ನು ದಾಟಬೇಕೆನಿಸುತ್ತದೆ. ತಾನೇ ಅಳೆದು ಎಳೆದ ಗೆರೆಗೆ ಬೆಲೆ ಇರುತ್ತದೆ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ರಟ್ಟಿನ ಸೈಕಲ್ ಮೊದಲು ತಂದು ತೋರಿಸಲಿ, ಅಂಕಿಗಳನ್ನು ಬಾಯಿಬಿಟ್ಟು ವಿವರಿಸಲಿ, ಆಮೇಲೆ ಪೈಪಿಗೆ ದುಡ್ಡು ಕೊಡಿ. ವಿವರಿಸಲು ಬಾರದಿದ್ದರೆ ಕೊಡಬೇಡಿ.

ಮಕ್ಕಳೇ, ಊರು ಬಿಟ್ಟು ಬಂದ ನಾವು ನಿಮ್ಮ ವಿಷಯದಲ್ಲಿ ಸ್ವಲ್ಪ ಹೆಚ್ಚೇ ಭಯ ಪಡುತ್ತೇವೆ. ಇಲ್ಲಿ ಅಜ್ಜ ಅಜ್ಜಿಯಿಲ್ಲ, ಬಿದ್ದರೆ ಎತ್ತಲು ಬೀದಿ ತುಂಬ ನೆಂಟರಿಲ್ಲ. ಹಾಗಾಗಿ ನಿಮ್ಮ ಭಾರವನ್ನೆಲ್ಲ ನಾವೇ ಹೊತ್ತುಬಿಡೋಣ ಎನಿಸುತ್ತದೆ. ಆದರೆ ಭಾರವೆಲ್ಲ ಆಸರೆಯ ಮೇಲೆ ಬಿದ್ದರೆ ಚಕ್ರಕ್ಕೆ ನೆಲ ಸಿಗುವುದಿಲ್ಲ ಎಂಬುದನ್ನು ಈ ಕಬ್ಬಿಣದ ಕೋಲು ನನಗೂ ಲೆಕ್ಕ ಸಮೇತ ತೋರಿಸಿತು. ನೂರರಲ್ಲಿ ಎಂಟು ಪಾಲು ನಮ್ಮ ಮೇಲಿರಲಿ, ಉಳಿದದ್ದು ನಿಮ್ಮ ಕಾಲ ಮೇಲಿರಲಿ.

ರಟ್ಟಿನ ಸೈಕಲ್ ಮಾಡಿದವರು ನಿಮ್ಮ ಅಳತೆಗಳನ್ನು ಬರೆದು ಕಳಿಸಿ. ಕನ್ನಡದಲ್ಲಿ ಬರೆಯಿರಿ; ಕಾಗುಣಿತ ತಪ್ಪಿದರೆ ಚಿಂತೆಯಿಲ್ಲ, ಅಂಕಿ ಮಾತ್ರ ತಪ್ಪಬಾರದು.

ನಿಮ್ಮ ಪ್ರೀತಿಯ
ಆಂಟಿ